ಕುರುಗೋಡಿನ ಗುಡ್ಡದ ಮೇಲೆ ಒಂದು ಬುರುಡೆ ಮಜ್ಜಿಗೆ

“ಆ ಡಬ್ಬಿ ಒಳಗ ಬಂದ್ರ ನಾ ಹೊರಗ” ಎಂದರು ಅಮ್ಮ.

ಡಬ್ಬಿಯಲ್ಲಿದ್ದದ್ದು ಹಾವಲ್ಲ, ಬಿಸ್ಕತ್ತು! ಮಕ್ಕಳನ್ನು ಕುರುಗೋಡಿನ ಗುಡ್ಡ ಹತ್ತಿಸಲು ಹೊರಟಿದ್ದೆ. ದಾರಿಯಲ್ಲಿ ಬಾಯಾಡಿಸಲಿ ಎಂದು ಬಳ್ಳಾರಿಯ ಕೌಲ್ ಬಜಾರಿನಿಂದ ತಂದಿದ್ದೆ. (ಬಿಳಿ ದೊರೆಗಳ ಮಕ್ಕಳು ತಿನ್ನಬಹುದು, ಅವರ ಕಚೇರಿಯ ಗುಮಾಸ್ತನ ಮಕ್ಕಳು ತಿನ್ನಬಾರದೇ?) ಆದರೆ ಅದರಲ್ಲಿ ಕೋಳಿಮೊಟ್ಟೆ ಇರುತ್ತದೆಂದು ಅಮ್ಮನಿಗೆ ಯಾರೋ ಹೇಳಿಬಿಟ್ಟಿದ್ದರು. ಡಬ್ಬಿ ಬಂದ ದಾರಿಯಲ್ಲೇ ಹಿಂತಿರುಗಿತು.

ಅಮ್ಮನ ಮಡಿ ನಮ್ಮ ಓಣಿಗೆಲ್ಲ ಗೊತ್ತು. ತಾವೇ ಸೇದಿದ ನೀರಾದರೆ ಮಾತ್ರ ಕುಡಿಯುವವರು.

ಬುತ್ತಿಯ ಪಾರುಪತ್ಯ ಅವರ ಕೈಗೆ ಹೋಯಿತು. ಚಕ್ಕುಲಿ, ಖಾರದ ಅವಲಕ್ಕಿ, ಉಪ್ಪು ಹಚ್ಚಿ ಹುರಿದ ಶೇಂಗಾ, ಮುತ್ತುಗದ ಎಲೆಯಲ್ಲಿ ಕಟ್ಟಿದ ಹುಳಿಯನ್ನ. ಇರುವವರು ಇಬ್ಬರು ಮಕ್ಕಳು. ಬುತ್ತಿ ಒಂದು ದಂಡಿಗಾಗುವಷ್ಟು. ನೀರು? ಒಂದೇ ಒಂದು ತಂಬಿಗೆ. ಅದನ್ನು ಯಾರು ಯೋಚಿಸುತ್ತಾರೆ!

ತುಂಬು ಬಸುರಿ ಹೆಂಡತಿ ಬಳ್ಳಾರಿಯಲ್ಲೇ ಉಳಿದಳು. ಗುಡ್ಡದ ಮೇಲಿನ ಹನುಮಪ್ಪನ ದರ್ಶನಕ್ಕೆಂದು ಅಮ್ಮ ನಮ್ಮ ಜೊತೆ ಗಾಡಿ ಹತ್ತಿದರು. ಕುರುಗೋಡಿನ ನೆಂಟರ ಮನೆಯಲ್ಲಿ ರಾತ್ರಿ ಕಳೆದು ಬೆಳಗ್ಗೆ ಗುಡ್ಡಕ್ಕೆ ಕಾಲಿಟ್ಟೆವು.

ಮಕ್ಕಳು ಹತ್ತಿದ್ದು ಕಡಿಮೆ, ತಿಂದದ್ದು ಹೆಚ್ಚು. ಒಂದು ಬಂಡೆಗೆ ಒಂದು ಚಕ್ಕುಲಿ. ಒಂದು ಚಕ್ಕುಲಿಗೆ ನಾಲ್ಕು ಗುಟುಕು ನೀರು. ಅರ್ಧ ಗುಡ್ಡಕ್ಕೇ ತಂಬಿಗೆ ಬರಿದಾಯಿತು.

ಬಳ್ಳಾರಿಯ ಬಿಸಿಲನ್ನು ಬಲ್ಲವರಿಗೆ ಮುಂದಿನದನ್ನು ಹೇಳಬೇಕಿಲ್ಲ. ಮಗ ರಾಘು ಅತ್ತ. ಅಳುವ ಮಗುವಿನ ಬಗ್ಗೆ ನನಗೆ ಭಯವಿಲ್ಲ. ಆದರೆ ಐದು ವರ್ಷದ ಸಾವಿತ್ರಿ ಅಳಲೇ ಇಲ್ಲ. ಸುಮ್ಮನೆ ಕುಳಿತಳು. ತುಟಿ ಒಣಗಿತ್ತು, ಮೈ ಕೆಂಡವಾಗಿತ್ತು. ಕರೆದರೆ ಕಣ್ಣು ತೆರೆದು ಮತ್ತೆ ಮುಚ್ಚಿದಳು. ಎತ್ತಿಕೊಂಡೆ. ಇಳಿಯಬೇಕಾದ ದಾರಿ ನೋಡಿದೆ.

ಅಷ್ಟರಲ್ಲಿ ಆಡು ಮೇಯಿಸುತ್ತಿದ್ದ ಹೆಂಗಸೊಬ್ಬಳು ಬಂಡೆಯ ಮರೆಯಿಂದ ಬಂದಳು. ಹೆಗಲಲ್ಲಿ ಸೋರೆ ಬುರುಡೆ.

“ಯಾಕ್ರೀ, ಕೂಸು ಹಿಂಗ್ಯಾಕ ಬಾಡೇತಿ?” ಎಂದಳು. ಹತ್ತಿರ ಬಂದವಳು ಅಮ್ಮನ ಮಡಿಸೀರೆ ನೋಡಿ ನಿಂತುಬಿಟ್ಟಳು. “ಬುರುಡ್ಯಾಗ ಆಕಳ ಮಜ್ಜಿಗಿ ಐತ್ರಿ. ಆದ್ರ ನಮ್ಮ ಮನೀದು... ನಿಮಗ ನಡೀತೈತೇನ್ರಿ?”

ನಾನು ಅಮ್ಮನ ಮುಖ ನೋಡಿದೆ. ಸಂಬಳ ತರುವವನು ನಾನು, ಮನೆಯ ಕಾಯಿದೆ ಅವರದು.

ಅಮ್ಮ ಕೇಳಿದ್ದು ಒಂದೇ ಮಾತು. “ಭಾಳ ಹುಳಿ ಇಲ್ಲಲ್ಲವ್ವ?”

ಬೊಗಸೆಯೊಡ್ಡಿದರು. ಮೊದಲು ತಾವು ಕುಡಿದು ನೋಡಿದರು. ಆಮೇಲೆ ಸಾವಿತ್ರಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹನಿಹನಿಯಾಗಿ ಕುಡಿಸಿದರು. ಸೆರಗನ್ನು ಮಜ್ಜಿಗೆಯಲ್ಲೇ ಅದ್ದಿ ಮುಖ ಒರೆಸಿದರು. ಸ್ವಲ್ಪ ಹೊತ್ತಿಗೆ ಮಗಳು, “ಅಜ್ಜಿ, ಇನ್ನಷ್ಟು” ಎಂದಳು. ಆಗ ಅತ್ತವನು ನಾನು.

ಮಿಕ್ಕ ಚಕ್ಕುಲಿಯೆಲ್ಲ ಆಕೆಯ ಉಡಿಗೆ ಹೋಯಿತು. ಆಕೆಯ ಸಜ್ಜೆ ರೊಟ್ಟಿ ರಾಘುವಿನ ಬಾಯಿಗೆ. ಹನುಮಪ್ಪನಿಗೆ ಅಲ್ಲಿಂದಲೇ ಕೈಮುಗಿದು ಇಳಿದೆವು.

ಮಕ್ಕಳ ಬಾಯಿಗೆ ಬೀಗ ಹಾಕಲಾದೀತೇ? ಬಳ್ಳಾರಿಯಲ್ಲಿ ಗಾಡಿ ಇಳಿಯುವ ಮೊದಲೇ ಸುದ್ದಿ ಇಳಿಯಿತು. ಸಂಜೆ ಪಕ್ಕದ ಮನೆಯ ಆಚಾರ್ಯರು ಬಂದು ಜಗಲಿಯಲ್ಲಿ ಕುಳಿತರು.

“ಪ್ರಾಯಶ್ಚಿತ್ತ ಆಗಲೇಬೇಕು. ಎಲ್ಲರೂ ಪಂಚಗವ್ಯ ತಗೋಬೇಕು. ಇಲ್ಲಾಂದ್ರ ನಾಳೆ ನಿಮ್ಮ ಮನೀ ಬಾಣಂತನಕ್ಕ, ನಾಮಕರಣಕ್ಕ ಯಾರೂ ಕಾಲಿಡೂದಿಲ್ಲ” ಎಂದರು.

ಒಳಗೆ ಹೆಂಡತಿ ಕೇಳಿಸಿಕೊಳ್ಳುತ್ತಿದ್ದಳು.

ಅಮ್ಮ ಬಾಗಿಲಿಗೆ ಬಂದರು. “ಮೊದಲು ಕುಡದಾಕಿ ನಾನು, ಆಚಾರ್ರೆ. ತಪ್ಪಿದ್ರ ನಂದು. ಅಂದಹಾಗ, ಪಂಚಗವ್ಯದಾಗ ಮೊಸರು ಇರ್ತದಲ್ಲ?”

“ಇರ್ತದ.”

“ಆಕಿ ಕೊಟ್ಟದ್ದೂ ಮೊಸರು ಕಡದ ಮಜ್ಜಿಗೀನ. ಒಂದು ಆಕಳ ಮೊಸರು ಶುದ್ಧ ಮಾಡ್ತದ, ಇನ್ನೊಂದು ಆಕಳದ್ದು ಕೆಡಸ್ತದೇನ್ರಿ?”

ಆಚಾರ್ಯರು ಶಲ್ಯ ಸರಿಪಡಿಸಿಕೊಂಡು ಎದ್ದರು. ಗ್ರಂಥ ನೋಡಿ ಹೇಳುತ್ತೇನೆಂದು ಹೋದರು. ಅದಾದ ಮೇಲೆ ನಮ್ಮ ಮನೆಯಲ್ಲಿ ಗಂಡು ಕೂಸು ಹುಟ್ಟಿತು, ನಾಮಕರಣವಾಯಿತು, ಓಣಿಯವರೆಲ್ಲ ಉಂಡು ಹೋದರು. ಆಚಾರ್ಯರು ಮಾತ್ರ ಇನ್ನೂ ನೋಡುತ್ತಲೇ ಇದ್ದಾರೆ.

ಅಷ್ಟು ದೊಡ್ಡ ಗ್ರಂಥ ಯಾವುದಿರಬಹುದು?