ತುತ್ತು ನೋಡಿ ಊರು ಹೇಳುತ್ತಿದ್ದ ಮಾದೇವಣ್ಣ

ಮಾದೇವಣ್ಣ ಯಾರನ್ನೂ ಊರು ಯಾವುದೆಂದು ಕೇಳುತ್ತಿರಲಿಲ್ಲ. ಅವರು ಉಣ್ಣಲು ಕುಳಿತು ಮೊದಲ ತುತ್ತು ಎತ್ತುವುದನ್ನು ನೋಡಿ ತಾನೇ ಹೇಳುತ್ತಿದ್ದ. ಅನ್ನ ಬೀಳುವವರೆಗೂ ಕಾಯದೆ ಮೀನುಸಾರಿಗೆ ಕೈ ಹಾಕಿದವ ಕುಮಟೆಯವನು. ಮೀನಿನ ತುಂಡನ್ನು ಎಲೆಯ ಮೂಲೆಗೆ ಸರಿಸಿ ಕಾಯ್ದಿಟ್ಟುಕೊಂಡು ಕೊನೆಗೆ ತಿನ್ನುವವ ಹೊನ್ನಾವರದವನು. "ಭಟ್ಕಳದ ನವಾಯತ ಮುಸ್ಲಿಮ್ರು ಒಬ್ರೇ ಉಣ್ಣೂಕೆ ಕೂತ್ರೆ ಸುತ್ತ ಒಮ್ಮೆ ನೋಡ್ತ್ರು ಸರ್. ಮನೇಲಿ ಒಂದೇ ದೊಡ್ಡ ತಟ್ಟೆಗೆ ನಾಕು ಜನ ಕೈ ಹಾಕಿ ಉಂಡು ರೂಢಿ ಅಲ್ಲ? ಒಬ್ರೇ ಆದ್ರೆ ಅವ್ರಿಗೆ ಬೇಜಾರು." ಇದರಲ್ಲಿ ಎಷ್ಟು ನಿಜ, ಎಷ್ಟು ಅವನ ಕರಾಮತ್ತು, ನನಗೆ ತಿಳಿಯದು. ನನ್ನನ್ನು ಕಂಡ ಮೊದಲ ದಿನವೇ, ನಾನು ತಟ್ಟೆಯ ಪಕ್ಕ ಹಸಿ ಈರುಳ್ಳಿ ಹುಡುಕಿದ್ದನ್ನು ನೋಡಿ, "ಧಾರವಾಡ, ಇಲ್ದಿದ್ರೆ ಗದಗ" ಎಂದಿದ್ದ. ನಾನು ಗದಗಿನವನು.

ನಾನು ಕಾಲೇಜುಗಳಿಗೆ ಪ್ರಯೋಗಾಲಯದ ಸಾಮಾನು ಮಾರುವ ಕಂಪನಿಯ ನೌಕರ. ತಿಂಗಳಿಗೊಮ್ಮೆ ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಘಟ್ಟ ಇಳಿದು ಕುಮಟೆಗೆ ಬರುತ್ತಿದ್ದೆ. ಅಲ್ಲಿಂದ ಎರಡು ದಿನ ಮಾದೇವಣ್ಣನ ಬಿಳಿ ಕಾರಿನಲ್ಲಿ ಹೊನ್ನಾವರ, ಮುರ್ಡೇಶ್ವರ, ಭಟ್ಕಳ ತಿರುಗಾಟ. ಅವನು ಅಘನಾಶಿನಿ ಊರಿನವನು, ದೋಣಿಯ ಮನೆತನ. ತನಗೆ ಮಾತ್ರ ನೀರಿಗಿಂತ ಡಾಂಬರು ಒಗ್ಗಿತು ಎನ್ನುತ್ತಿದ್ದ. ಎಂಟು ವರ್ಷ ಅವನ ಪಕ್ಕದ ಸೀಟಿನಲ್ಲಿ ಕುಳಿತಿದ್ದೇನೆ. ಹೆದ್ದಾರಿಯನ್ನು ಅವನು ಮೈಲಿಗಲ್ಲಿನಿಂದ ಅಳೆಯುತ್ತಿರಲಿಲ್ಲ, ಸಾರಿನ ಹುಳಿಯಿಂದ ಅಳೆಯುತ್ತಿದ್ದ. ಕುಮಟೆಯಲ್ಲಿ ಬಂಗಡೆ ಮೀನಿಗೆ ಜುಮ್ಮನಕಾಯಿ ಬೀಳುತ್ತದೆ, ನಾಲಿಗೆ ಜುಮ್ಮೆನ್ನುತ್ತದೆ. ಶರಾವತಿ ಸೇತುವೆ ದಾಟಿದರೆ ಹುಳಿ ಬೇರೆ, ಕಾಯಿ ಅರೆಯುವ ನುಣುಪು ಬೇರೆ. ಭಟ್ಕಳದಲ್ಲಿ ಶಾವಿಗೆಗೂ ಬಿರಿಯಾನಿಯ ಯೋಗ. ಶಾವಿಗೆಯೆಂದರೆ ಪಾಯಸವಷ್ಟೇ ಎಂದುಕೊಂಡಿದ್ದ ನಾನು ಅದನ್ನು ಕೇಳಿ ಮುಖ ಹಿಂಡಿದಾಗ, ಅವನು ಸ್ಟೇರಿಂಗ್ ಬಡಿದು ನಕ್ಕಿದ್ದ. "ನಿಮ್ಮ ಬಾಯಿಗೆ ಘಟ್ಟ ಇನ್ನೂ ಇಳ್ದಿಲ್ಲ ಸರ್!"

ಇಷ್ಟೆಲ್ಲ ಹೇಳುವವನನ್ನು ಪಕ್ಕದಲ್ಲಿಟ್ಟುಕೊಂಡು ನಾನು ಊಟಕ್ಕೆ ಹೋಗುತ್ತಿದ್ದದ್ದು ಹೆದ್ದಾರಿ ಬದಿಯ ಒಂದು ದೊಡ್ಡ ಹೊಟೇಲಿಗೆ. ಅದರ ಶಾಖೆಗಳು ಹುಬ್ಬಳ್ಳಿಯಲ್ಲಿವೆ, ತುಮಕೂರಿನ ದಾರಿಯಲ್ಲಿವೆ, ಎಲ್ಲೆಲ್ಲೂ ಇವೆ. ಗಾಜಿನ ಬಾಗಿಲು, ತಣ್ಣನೆಯ ಹವೆ, ಬಣ್ಣದ ಮೆನು. ಎಲ್ಲ ಕಡೆಯೂ ಅದೇ ಪನೀರ್, ಅದೇ ನಾನ್, ಅದೇ ಕೆಂಪು ಗ್ರೇವಿ. ನನಗೆ ಅದೇ ಬೇಕಿತ್ತು. ಗೊತ್ತಿಲ್ಲದ ಊರಿನಲ್ಲಿ ಗೊತ್ತಿರುವ ರುಚಿ ಸಿಕ್ಕರೆ ಹೊಟ್ಟೆಗೆ ಧೈರ್ಯ ಎಂದು ದೊಡ್ಡ ಅನುಭವಸ್ಥನಂತೆ ಹೇಳುತ್ತಲೂ ಇದ್ದೆ. ಗಿರಾಕಿ ತಂದ ಡ್ರೈವರಿಗೆ ಅಲ್ಲಿ ಊಟ ಪುಕ್ಕಟೆ. ಅಡುಗೆಮನೆಯ ಹಿಂದೆ, ಪಾತ್ರೆ ತೊಳೆಯುವ ಕಟ್ಟೆಯ ಎದುರು, ಅವರಿಗೊಂದು ತಗಡಿನ ಚಪ್ಪರ. "ಇಲ್ಲಿ ಉಂಡ್ರೆ ಯಾವೂರಲ್ಲಿದ್ದೆ ಅಂತ ಬಾಯಿಗೆ ಗೊತ್ತೇ ಆಗೂದಿಲ್ಲ ಸರ್" ಎಂದು ಒಮ್ಮೆ ಹೇಳಿದ್ದ. ಮತ್ತೆ ಹೇಳಲಿಲ್ಲ. ಗಿರಾಕಿಯ ಇಷ್ಟಕ್ಕೆ ಎದುರಾಡುವ ಸ್ವಭಾವ ಅವನದಲ್ಲ.

ಒಂದು ಬೆಳಿಗ್ಗೆ ಕುಮಟೆಯಲ್ಲಿ ಕಾರು ಹತ್ತುವಾಗ, ನನ್ನ ಕೈಗೆ ಟವೆಲಿನಲ್ಲಿ ಸುತ್ತಿದ ಸ್ಟೀಲ್ ಡಬ್ಬಿ ಕೊಟ್ಟ. ಇನ್ನೂ ಬಿಸಿಯಿತ್ತು.

"ನನ್ನ ಹೆಂಡ್ತಿ ನಾಗವೇಣಿ ಕೊಟ್ಟದ್ದು. ಬೆಳಚಿನ ಸುಕ್ಕ. ನಿಮ್ಮ ಸಾಹೇಬ್ರು ಆರು ವರ್ಷದಿಂದ ಬತ್ತ್ರು, ಒಂದಿನವೂ ನಮ್ಮನೆ ಅನ್ನ ಮುಟ್ಟಲಿಲ್ಲ ಅಂತ ಅವ್ಳಿಗೆ ಸಂಕಟ."

ಬೆಳಚು ಎಂದರೆ ಹೊಳೆ ಕಡಲು ಸೇರುವ ಅಳಿವೆಯ ಕೆಸರಿನಲ್ಲಿ ಸಿಗುವ ಚಿಪ್ಪಿನ ಜೀವ. ಇಳಿತದ ಹೊತ್ತಿಗೆ ಹೆಂಗಸರು ಸೊಂಟದವರೆಗಿನ ನೀರಿಗಿಳಿದು, ಕಾಲಿನಿಂದ ತಡವಿ ಹೆಕ್ಕುತ್ತಾರೆ. ಅಂಗಾಲು ಸೀಳುವುದೂ ಉಂಟು. ಅವರ ಮನೆಗಳಲ್ಲಿ ಒಂದು ಪಕ್ಕದ ಚಿಪ್ಪನ್ನು ಉಳಿಸಿಯೇ, ಕಾಯಿತುರಿ ಹಾಕಿ ಒಣ ಪಲ್ಯದಂಥ ಸುಕ್ಕ ಮಾಡುತ್ತಾರೆ. ಚಿಪ್ಪಿನಿಂದ ಹೀರಿ ತಿನ್ನುವುದೇ ಅದರ ಸುಖ. ಆದರೆ ಘಟ್ಟದ ಮೇಲಿನ ಮನುಷ್ಯನಿಗೆ ಅದು ಬರಲಿಕ್ಕಿಲ್ಲವೆಂದು ನಾಗವೇಣಮ್ಮ ಒಂದೊಂದನ್ನೂ ಬಿಡಿಸಿದ್ದರಂತೆ. ಮಾದೇವಣ್ಣ ಇದನ್ನೆಲ್ಲ ದಾರಿಯುದ್ದ ಹೇಳಿದ. ನಾನು ಹೂಂಗುಟ್ಟಿದೆ.

ಮಧ್ಯಾಹ್ನ ಅದೇ ಹೊಟೇಲು. ಹೊರಗಿನ ತಿನಿಸು ತರಬಾರದೆಂಬ ಬೋರ್ಡು ಬಾಗಿಲಲ್ಲೇ ಇತ್ತು. ಅದನ್ನು ಕಂಡು ನನಗೆ ಆದದ್ದು ಸಮಾಧಾನ, ಇದನ್ನು ಬರೆಯಲು ಈಗಲೂ ಕೈ ಹಿಂಜರಿಯುತ್ತದೆ. ಕೈ ತೊಳೆಯುವ ಜಾಗದ ಆಚೆ ಹಿಂಬಾಗಿಲು ತೆರೆದಿತ್ತು. ಅಲ್ಲಿ ನಿಂತು ಮುಚ್ಚಳ ತೆಗೆದೆ. ಕಾಯಿತುರಿಯ ನಡುವೆ ಬೂದು ಬಣ್ಣದ ಮೆತ್ತನೆಯ ಚೂರುಗಳು. ಹೊಳೆಯ ವಾಸನೆ ಮೂಗಿಗೆ ಹೊಡೆಯಿತು. ಕುರಿ, ಕೋಳಿ ತಿಂದು ಬೆಳೆದ ಮನೆ ನನ್ನದು, ಮಡಿಯ ನೆಪವೂ ನನಗಿರಲಿಲ್ಲ. ಬರೀ ಅಸಹ್ಯ. ಒಂದು ಚೂರನ್ನಾದರೂ ನಾಲಿಗೆಗೆ ಇಟ್ಟು ನೋಡಬಹುದಿತ್ತು. ನೋಡಲಿಲ್ಲ. ಎಂಜಲು ಸುರಿಯುವ ಬಕೆಟ್ಟಿಗೆ ಡಬ್ಬಿಯನ್ನು ಬೋರಲು ಹಾಕಿ, ತಳ ತಟ್ಟಿದೆ.

ತಲೆಯೆತ್ತಿದರೆ ಎದುರಿನ ತಗಡಿನ ಚಪ್ಪರದಲ್ಲಿ ಮಾದೇವಣ್ಣ. ತಟ್ಟೆ ಮುಂದಿತ್ತು, ಕೈಯಲ್ಲಿ ತುತ್ತು. ಅವನು ನನ್ನನ್ನು ನೋಡಿದ, ನಾನು ಅವನನ್ನು ನೋಡಿದೆ. ಅವನೇ ಮೊದಲು ಕಣ್ಣು ಕೆಳಗೆ ಹಾಕಿದ, ತಪ್ಪು ಮಾಡಿದವನು ತಾನೇ ಎನ್ನುವ ಹಾಗೆ.

ಆಗಲೇ ಹೋಗಿ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ನಾನು ಒಳಗೆ ಹೋಗಿ ಪನೀರ್ ತಿಂದೆ. ಡಬ್ಬಿ ತೊಳೆದು ತಂದು, ಕಾರು ಹೆದ್ದಾರಿಗೆ ಬಿದ್ದ ಮೇಲೆ ಬಾಯಿಬಿಟ್ಟೆ.

"ಭಾಳ ಚಲೋ ಇತ್ತು ಮಾದೇವಣ್ಣ, ಸುಕ್ಕ."

ಎಂಥ ಹೇಡಿ ಮಾತು! ಅವನು ಕಂಡದ್ದು ನನಗೆ ಗೊತ್ತು, ನನಗೆ ಗೊತ್ತೆಂಬುದೂ ಅವನಿಗೆ ಗೊತ್ತು. ಅವನು ರಸ್ತೆಯಿಂದ ಕಣ್ಣು ಕೀಳಲಿಲ್ಲ.

"ಆತು ಸರ್. ಹೇಳ್ತೆ ಅವ್ಳಿಗೆ."

ಬೈದಿದ್ದರೆ ಚೆನ್ನಾಗಿತ್ತು. ಮುಂದಿನ ತಿಂಗಳಿಗೆ ಬೇರೆ ಗಾಡಿ ನೋಡಿಕೊಳ್ಳಿ ಎಂದಿದ್ದರೆ ಇನ್ನೂ ಚೆನ್ನಾಗಿತ್ತು. ಮುಂದಿನ ತಿಂಗಳು ಅವನು ಮಾಡಿದ್ದೇ ಬೇರೆ. ಕಾರನ್ನು ಹೊನ್ನಾವರದಲ್ಲಿ ಹೆದ್ದಾರಿ ಬಿಟ್ಟು ಒಳಗೆ ತಿರುಗಿಸಿ, ರಸ್ತೆ ಕೆಲಸಕ್ಕೆ ಬಂದವರ ಶೆಡ್ಡುಗಳ ಮುಂದೆ ನಿಲ್ಲಿಸಿದ. ಹೋದವನು ಬಟ್ಟೆಯಲ್ಲಿ ಸುತ್ತಿದ ಎರಡು ಬಿಸಿ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಹಿಡಿದು ಬಂದ. "ನಿಮ್ಮ ಕಡೆಯ ಅಮ್ಮ ಒಬ್ರು ಇದ್ರು ಇಲ್ಲಿ. ಹದಿನೈದು ದಿನ ಹುಡುಕ್ದೆ. ನಿಮ್ಮ ಬಾಯಿಗೆ ಇದು ಸಮ ಅಲ್ಲ ಸರ್?" ಅವನ ಮಾತಿನಲ್ಲಿ ಕೊಂಕು ಇರಲಿಲ್ಲ. ಹುಡುಕಿ ನೋಡಿದ್ದೇನೆ, ಇರಲಿಲ್ಲ. ಆ ರೊಟ್ಟಿಯನ್ನು ನುಂಗಲು ನಾನು ಪಟ್ಟ ಪಾಡು ನನಗೇ ಗೊತ್ತು.

ಆಮೇಲೆ ಪ್ರತಿ ತಿರುಗಾಟದಲ್ಲೂ ಹೇಳಬೇಕೆಂದುಕೊಳ್ಳುತ್ತಿದ್ದೆ. ಶರಾವತಿ ಸೇತುವೆ ಬರಲಿ ಎನ್ನುತ್ತಿದ್ದೆ, ಸೇತುವೆ ಬಂದರೆ ಮುರ್ಡೇಶ್ವರ ಬರಲಿ ಎನ್ನುತ್ತಿದ್ದೆ. ಹಾಗೆ ಎರಡು ವರ್ಷ ಕಳೆಯಿತು. ಹೋದ ಮಳೆಗಾಲದಲ್ಲಿ ಗಾಡಿಗಾಗಿ ಫೋನು ಮಾಡಿದರೆ ಬೇರೆ ಯಾರದೋ ದನಿ. ಮಾದೇವಣ್ಣ ಎದೆನೋವೆಂದು ಸಂಜೆ ಮಲಗಿದವರು ಏಳಲಿಲ್ಲ, ತಿಂಗಳಾಯಿತು ಎಂದರು.

ಡಿಸೆಂಬರಿನಲ್ಲಿ ಅಘನಾಶಿನಿಗೆ ಹೋದೆ. ನಾಗವೇಣಮ್ಮನನ್ನು ನಾನು ನೋಡಿದ್ದು ಅದೇ ಮೊದಲು. ಸಣ್ಣ ಜೀವ. ಹೆಸರು ಹೇಳಿದೊಡನೆ ಜಗುಲಿಗೆ ಚಾಪೆ ಹಾಸಿ, ಬೆಲ್ಲ ನೀರು ತಂದಿಟ್ಟರು. ಎಲ್ಲವನ್ನೂ ಹೇಳಿ ತಪ್ಪೊಪ್ಪಿಕೊಳ್ಳಬೇಕೆಂದೇ ನಾನು ಬಂದಿದ್ದೆ. ಬಾಯಿ ತೆರೆಯುವುದರೊಳಗೆ ಅವರೇ ಶುರುಮಾಡಿದರು.

"ಅವತ್ತು ನಮ್ಮವ್ರು ಮನೆಗೆ ಬಂದು ಎಂತ ಹೇಳ್ದ್ರು ಗೊತ್ತದ್ಯ? ನಮ್ಮ ಸಾಹೇಬ್ರು ಡಬ್ಬಿಯ ತಳ ಬೆರಳಲ್ಲಿ ಬಳ್ದು ತಿಂದ್ರು, ತೊಳೂದೇ ಬ್ಯಾಡಾಗಿತ್ತು ಅಂದ್ರು. ಮತ್ತೆ ಕಳಸ್ತೆ ಅಂದ್ರೆ ಮಾತ್ರ ಬ್ಯಾಡ ಅಂತಿದ್ರು. ಒಂದ್ಸಲ ಶ್ರಾವಣ ಅಂದ್ರು. ಒಂದ್ಸಲ ಶನಿವಾರ ಅಂದ್ರು. ಮತ್ತೆ ನಿಮ್ಗೆ ಯಾವ್ದೋ ವ್ರತ ಅಂದ್ರು." ಅವರು ನಕ್ಕು, ಸೆರಗಿನಿಂದ ಕಣ್ಣೊರೆಸಿಕೊಂಡರು. "ಎಷ್ಟು ವ್ರತ ಮಾರಾಯ್ರೆ ನಿಮ್ಗೆ! ಇವತ್ತು ಯಾವ್ದೂ ಇಲ್ಲ ಅಲ್ಲ?"

"ಇಲ್ರಿ" ಎಂದೆ.

ಒಳಗಿನಿಂದ ತಟ್ಟೆ ಬಂತು. ಕೆಂಪಕ್ಕಿ ಅನ್ನ, ಪಕ್ಕದಲ್ಲಿ ಬೆಳಚಿನ ಸುಕ್ಕ. ತಿಂದೆ. ಸಣ್ಣಗೆ ಸಿಹಿ, ಸಣ್ಣಗೆ ಉಪ್ಪು, ಕಾಯಿಯ ಘಮ. ಇಷ್ಟು ರುಚಿಯಾದದ್ದನ್ನು ಬಕೆಟ್ಟಿಗೆ ಸುರಿದವನು ನಾನು. ಹೇಳಿಬಿಡಬೇಕು ಎಂದು ಮುಖವೆತ್ತಿದೆ. ಅವರು ಸೌಟು ಹಿಡಿದು, ನನ್ನ ಬಾಯಿಯನ್ನೇ ನೋಡುತ್ತ ಕುಳಿತಿದ್ದರು. ನಾನು ನಿಜ ಹೇಳಿದರೆ ಸುಳ್ಳುಗಾರನಾಗುವುದು ನಾನೊಬ್ಬನೇ ಅಲ್ಲವೆಂದು ಆಗ ಹೊಳೆಯಿತು. ಹಗುರಾಗುವವನು ನಾನು, ಅವರ ಕಣ್ಣಲ್ಲಿ ಸಣ್ಣವನಾಗುವವನು ಮಾದೇವಣ್ಣ.

"ಅವತ್ತಿನಷ್ಟೇ ಚಲೋ ಆಗದ್ಯ?" ಎಂದು ಕೇಳಿದರು.

"ಹೌದ್ರಿ, ಅವತ್ತಿನಷ್ಟೇ" ಎಂದೆ.

ಅವರು ಇನ್ನೊಂದು ಸೌಟು ಬಡಿಸಿದರು.