ಚೊಕ್ಕ ಮನೆ ಬಿಟ್ಟು ಹೋದ ಅವ್ವ

ಹಿರಿಯೂರಿನ ನನ್ನ ತಂಗಿಯ ಮನೆಗೆ ಹೋದರೆ ಕೂರುವ ಮೊದಲು ಕುರ್ಚಿಯ ಮೇಲಿನ ಬಟ್ಟೆ ಎತ್ತಿ ಬೇರೆ ಕಡೆ ಹಾಕಬೇಕು. ಆ ಬೇರೆ ಕಡೆಯಲ್ಲೂ ಬಟ್ಟೆಯೇ ಇರುತ್ತದೆ. ಅವಳು ಮನೆಯಲ್ಲೇ ರವಿಕೆ ಹೊಲಿಯುತ್ತಾಳೆ. ನಡುಮನೆಯ ತುಂಬ ಕತ್ತರಿಸಿದ ಚೂರು, ದಾರದ ತುದಿ, ಮಕ್ಕಳ ಸ್ಕೂಲ್ ಬ್ಯಾಗು, ಅರ್ಧ ಕುಡಿದಿಟ್ಟ ಟೀ ಲೋಟ. ಹೊಸದುರ್ಗದ ನನ್ನ ಮನೆಗೆ ಬಂದವರು ಚಪ್ಪಲಿ ಬಿಟ್ಟ ಮೇಲೂ ಒಂದು ಸಲ ತಮ್ಮ ಅಂಗಾಲು ನೋಡಿಕೊಂಡು ಒಳಗೆ ಬರುತ್ತಾರೆ. ನಮ್ಮ ಅವ್ವ ಇರುವುದು ತಂಗಿಯ ಮನೆಯಲ್ಲಿ.

ಇದನ್ನು ಯಾರ ಹತ್ತಿರ ಹೇಳಿಕೊಂಡರೂ, "ಇರ್ಲಿ ಬಿಡ್ರಿ, ಇಬ್ರೂ ಹೊಟ್ಟೇಲಿ ಹುಟ್ಟಿದ ಮಕ್ಕಳೇ ಅಲ್ವಾ" ಅನ್ನುತ್ತಾರೆ. ಹೊಟ್ಟೆಕಿಚ್ಚು ಅಂಥ ಮಾತಿಗೆ ಆರುವುದಿಲ್ಲ.

ಮನೆಯನ್ನು ಚೊಕ್ಕ ಇಡುವುದನ್ನು ನನಗೆ ಕಲಿಸಿದ್ದೇ ಅವ್ವ. ನಾವು ಬೆಳೆದದ್ದು ಹೊಳಲ್ಕೆರೆಯ ಒಂದು ಸಾಲುಮನೆಯಲ್ಲಿ. ನಡುಮನೆ ಒಂದು, ಅಡಿಗೆಮನೆ ಒಂದು, ಹಿಂದೆ ಬಚ್ಚಲು. ಒಂದು ಚೊಂಬು ಅಡ್ಡ ಬಿದ್ದಿದ್ದರೂ ಎಡವುವಷ್ಟು ಸಣ್ಣ ಜಾಗ. ಅದಕ್ಕೇ ಏನೋ, ಅವ್ವನ ಕಟ್ಟಳೆಗಳು ಬಿಗಿಯಾಗಿದ್ದವು. ಎದ್ದವರು ಹಾಸಿಗೆ ಮಡಚದೆ ಮುಖ ತೊಳೆಯುವ ಹಾಗಿಲ್ಲ. ಬಾಗಿಲಿಗೆ ನೀರು ಹಾಕದೆ ಒಲೆ ಹಚ್ಚುವ ಹಾಗಿಲ್ಲ. ಕಸವನ್ನು ಮೂಲೆಯಿಂದ ಎಳೆದುಕೊಂಡು ಬರಬೇಕು, ನಡುವಿನಿಂದ ಶುರುಮಾಡಿದರೆ ಅದು ಕಸ ಗುಡಿಸಿದ್ದಲ್ಲ, ಕಸ ಹರಡಿದ್ದು. ಉಂಡ ತಟ್ಟೆ ಒಣಗಬಾರದು. ಅಡಿಗೆ ಕಟ್ಟೆ ಒರೆಸಿದ ಬಟ್ಟೆಯನ್ನು ಹಿಂಡಿ ಬಿಸಿಲಿಗೆ ಹಾಕಬೇಕು. "ಇಲ್ಲಾಂದ್ರೆ ನಾಳೆ ಒರೆಸಾದಲ್ಲ, ಇವತ್ತಿನ ನಾತ ಹಚ್ಚಾದು" ಅನ್ನುವಳು. ತಪ್ಪಿದರೆ ಮುದ್ದೆ ಕೋಲು ಬೆನ್ನಿಗೆ ತಾಗುತ್ತಿತ್ತು.

ತಾಗುತ್ತಿದ್ದದ್ದು ನನ್ನ ಬೆನ್ನಿಗೆ. ತಂಗಿಗೆ ಗುಡಿಸು ಅಂದರೆ ಅರ್ಧ ಗುಡಿಸಿ, ಕಸದಲ್ಲಿ ಸಿಕ್ಕ ಬಳೆ ಚೂರನ್ನು ಬೆಳಕಿಗೆ ಹಿಡಿದು ನೋಡುತ್ತ ಕೂತುಬಿಡುತ್ತಿದ್ದಳು. ಅವ್ವ ಬೈಯುತ್ತ ಬಂದವಳು ಅವಳನ್ನು ನೋಡಿ ನಕ್ಕುಬಿಡುವಳು. ಆಮೇಲೆ ನನ್ನ ಕಡೆ ತಿರುಗಿ, "ಲೇ, ನೀನು ದೊಡ್ಡೋಳು, ಉಳಿದಿದ್ದು ಗುಡಿಸು" ಅನ್ನುವಳು. ಗುಡಿಸುತ್ತಿದ್ದೆ. ಚೆನ್ನಾಗಿ ಗುಡಿಸುತ್ತಿದ್ದೆ. ಎಂದಾದರೂ ಒಂದು ದಿನ ಅವ್ವ ನನ್ನ ಕೆಲಸ ನೋಡಿಯೂ ಹಾಗೆ ನಗುತ್ತಾಳೆ ಅಂದುಕೊಂಡಿದ್ದೆ.

ಅಪ್ಪ ತೀರಿಕೊಂಡ ಮೇಲೆ ಅವ್ವ ಹಿರಿಯೂರಿಗೆ ಹೋದಳು. ತಂಗಿಯ ಗಂಡ ಲಾರಿ ಓಡಿಸುತ್ತಾನೆ, ಊರಲ್ಲಿ ಇರುವುದು ಕಡಿಮೆ, ಮಕ್ಕಳು ಆಗಿನ್ನೂ ಚಿಕ್ಕವು. ಸರಿ, ಮಕ್ಕಳು ದೊಡ್ಡವಾಗಲಿ, ಆಮೇಲೆ ನನ್ನ ಹತ್ತಿರವೇ ಇರುತ್ತಾಳೆ ಅಂತ ನಾನು ಸುಮ್ಮನಿದ್ದೆ. ನಮ್ಮನೆಯವರು ಕೊಬ್ಬರಿ ಮಂಡಿಯಲ್ಲಿ ಕೆಲಸಕ್ಕಿದ್ದಾರೆ, ಬೆಳಿಗ್ಗೆ ಹೋದರೆ ಸಂಜೆಗೆ ಬರುವುದು. ಮಗ ಸಿರಿಗೆರೆಯಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಾನೆ. ಅವ್ವನಿಗೆ ಬೇಕಾದಷ್ಟು ಜಾಗ, ಬೇಕಾದಷ್ಟು ಸದ್ದಿಲ್ಲದ ಹೊತ್ತು ನನ್ನ ಮನೆಯಲ್ಲಿತ್ತು.

ಹೋದ ವರ್ಷ ಅವಳಿಗೆ ಕಣ್ಣಿನ ಪೊರೆ ತೆಗೆಸಬೇಕಾಯಿತು. ಚಿತ್ರದುರ್ಗದಲ್ಲಿ ಆಪರೇಷನ್. ನಾನೂ ತಂಗಿಯೂ ಹೋಗಿದ್ದೆವು. ಡಾಕ್ಟರು, "ಧೂಳು, ಹೊಗೆ ಎರಡೂ ಆಗಬಾರದು. ಸ್ವಲ್ಪ ದಿನ ಬಗ್ಗಿ ಕೆಲಸ ಮಾಡೋ ಹಾಗಿಲ್ಲ" ಅಂದರು. ತಂಗಿ ನನ್ನ ಮುಖ ನೋಡಿದಳು.

"ನಮ್ಮನೇಲಿ ಬರೀ ನೂಲಿನ ಪುಡಿ ಹಾರಾಡ್ತೈತೆ ಅಕ್ಕ. ನೀನೇ ಕರ್ಕೊಂಡೋಗು."

"ಹ್ಞೂಂ, ನಾನೇ ಕರ್ಕೊಂಡೋಗ್ತೀನಿ" ಅಂದೆ. ಒಳಗೆ ಸಿಹಿ ಉಂಡಷ್ಟು ಸಂತೋಷವಾಗಿತ್ತು. ಅವಳ ಮನೆಯ ಕಸವೇ ನನಗೆ ಅವ್ವನನ್ನು ಕೊಡಿಸಿತ್ತು.

ಅವ್ವ ಬರುವ ಮುಂಚೆ ಮನೆಗೆ ಮತ್ತೊಮ್ಮೆ ಕೈ ಹಾಕಿದೆ. ಫ್ಯಾನಿನ ರೆಕ್ಕೆ ಒರೆಸಿದೆ, ಕಿಟಕಿ ಸರಳುಗಳನ್ನು ಒಂದೊಂದಾಗಿ ತೊಳೆದೆ, ದೇವರ ಮನೆಯ ಹಿತ್ತಾಳೆಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿದೆ. ಪೊರೆ ಹೋದ ಕಣ್ಣಲ್ಲಿ ಅವಳು ಮೊದಲು ನೋಡುವುದು ನನ್ನ ಮನೆ. ಅದು ಹೇಗಿರಬೇಕು ಅಂತ ನನಗೆ ಗೊತ್ತಿತ್ತು.

ಕಪ್ಪು ಕನ್ನಡಕ ತೆಗೆಯಬಹುದು ಅಂತ ಡಾಕ್ಟರು ಹೇಳಿದ ದಿನ ಅವಳು ಮನೆಯನ್ನೆಲ್ಲ ಒಂದು ಸುತ್ತು ಹಾಕಿದಳು. ಅಡಿಗೆಮನೆಯಲ್ಲಿ ನಿಂತು ಡಬ್ಬಗಳ ಸಾಲು ನೋಡಿದಳು. ಗ್ಯಾಸ್ ಕಟ್ಟೆಯ ಮೇಲೆ ಬೆರಳಾಡಿಸಿದಳು. ನಾನು ಬಾಗಿಲಲ್ಲಿ ಕಾಯುತ್ತ ನಿಂತಿದ್ದೆ.

"ಚೊಕ್ಕ ಐತೆ" ಅಂದಳು. ಆಮೇಲೆ, "ಚಿಕ್ಕೋಳಿಗೆ ಒಂದು ಫೋನ್ ಮಾಡು. ಮಕ್ಕಳಿಗೆ ಏನು ಮಾಡಿ ಹಾಕಿದ್ಲೋ ಏನೋ" ಅಂದಳು.

ಚೊಕ್ಕ ಐತೆ. ಇಷ್ಟು ವರ್ಷದ ದುಡಿಮೆಗೆ ಅಷ್ಟೇ ಮಾತು.

ನನ್ನ ದಿನ ಹೀಗೆ ನಡೆಯುತ್ತದೆ. ಎದ್ದ ಕೂಡಲೇ ಹಾಸಿಗೆ, ಬಾಗಿಲು, ರಂಗೋಲಿ. ಸ್ನಾನಕ್ಕೆ ಮುಂಚೆ ಕಸ, ನೆಲ. ಒಗ್ಗರಣೆ ಹಾಕುವ ಹೊತ್ತಿಗೆ ಹಿಂದಿನ ಪಾತ್ರೆ ತೊಳೆದು ಮಗುಚಿಟ್ಟಿರುತ್ತೇನೆ. ಮಧ್ಯಾಹ್ನ ಒಂದೊಂದು ದಿನ ಒಂದೊಂದು ಕಪಾಟು. ಬಟ್ಟೆಯನ್ನು ಹಗ್ಗದಿಂದ ತೆಗೆಯುವಾಗಲೇ ಮಡಚುತ್ತೇನೆ, ಮಂಚದ ಮೇಲೆ ಗುಡ್ಡೆ ಹಾಕುವುದಿಲ್ಲ. ಅವ್ವ ನನ್ನ ಹಿಂದೆ ಹಿಂದೆ ಬರುತ್ತಿದ್ದಳು. "ಬೆಳ್ಳುಳ್ಳಿ ಕೊಡು, ಬಿಡಿಸ್ತೀನಿ" ಅನ್ನುವಳು. ಬಿಡಿಸಿದ ಬೆಳ್ಳುಳ್ಳಿಯನ್ನು ಆಗಲೇ ಫ್ರಿಜ್ಜಿನಲ್ಲಿ ಡಬ್ಬಕ್ಕೆ ಹಾಕಿಟ್ಟಿರುತ್ತಿದ್ದೆ. "ಅವರೆಕಾಯಿ ಸುಲಿಯಾದೈತಾ?" ಅನ್ನುವಳು. ಸುಲಿದಾಗಿರುತ್ತಿತ್ತು. "ನೀ ಸುಮ್ನೆ ಕುಂತ್ಕ ಅವ್ವ. ಜೀವಮಾನವೆಲ್ಲ ಮಾಡಿದೀಯ" ಅನ್ನುತ್ತಿದ್ದೆ. ಅವಳು ಸೋಫಾದ ತುದಿಯಲ್ಲಿ, ಬಸ್ಸಿಗೆ ಕಾಯುವವರ ಹಾಗೆ ಕೂರುತ್ತಿದ್ದಳು.

ಕೊನೆಯ ಸಲ ತೋರಿಸಿಕೊಂಡು ಚಿತ್ರದುರ್ಗದಿಂದ ಬರುವಾಗ ಬಸ್ಸಿನಲ್ಲೇ ಹೇಳಿದಳು, "ಇನ್ನು ನನ್ನ ಹಿರಿಯೂರಿಗೆ ಬಿಟ್ಟುಬಿಡು ಕಣವ್ವ."

"ಯಾಕೆ? ಇಲ್ಲೇನು ಕಮ್ಮಿಯಾಗೈತೆ?"

"ಏನೂ ಕಮ್ಮಿ ಇಲ್ಲ."

"ನಾನೇನಾದ್ರೂ ಅಂದ್ನಾ? ಇವರೇನಾದ್ರೂ ಅಂದ್ರಾ?"

"ಇಲ್ಲ ಕಣೆ. ಅವಳ ಕೈಲಾಗಲ್ಲ ಅಲ್ಲಿ, ಒಬ್ಳೇ."

ಅವಳ ಕೈಲಾಗಲ್ಲ. ಚಿಕ್ಕಂದಿನಿಂದ ಕೇಳಿದ ಮಾತು. ಕೈಲಾಗದವಳಿಗೆ ಅವ್ವ ಸಿಗುತ್ತಾಳೆ, ಕೈಲಾಗುವವಳಿಗೆ ಕೆಲಸ ಸಿಗುತ್ತದೆ. ನಾನು ಕಿಟಕಿಯ ಕಡೆ ಮುಖ ತಿರುಗಿಸಿ ಕೂತೆ.

ಅವಳನ್ನು ಬಿಟ್ಟು ಬಂದ ದಿನವೇ ಅವಳು ಹೊದೆಯುತ್ತಿದ್ದ ದುಪ್ಪಟಿ, ದಿಂಬಿನ ಚೀಲ ಒಗೆದು ಹಾಕಿದೆ. ಕೋಣೆಯನ್ನು ಫಿನಾಯಿಲ್ ಹಾಕಿ ಒರೆಸಿದೆ. ಸಂಜೆ ಬಂದ ನಮ್ಮನೆಯವರು, "ಅತ್ತೆ ಇದ್ರು ಅನ್ನಾ ಗುರುತೇ ಉಳಿಸಿಲ್ವಲ್ಲೇ" ಅಂದರು. ನನಗೆ ಅಳು ಬಂತು, ತೋರಿಸಲಿಲ್ಲ.

ಆಮೇಲಿಂದ ಫೋನು. ಅವ್ವ ನನ್ನ ಹತ್ತಿರ "ಊಟ ಆಯ್ತಾ, ಮಗ ಹೆಂಗಿದಾನೆ" ಅಂತ ನೆಂಟರ ಹಾಗೆ ಮಾತಾಡುವಳು. ಹಿಂದೆ ಹೊಲಿಗೆ ಮಿಷನ್ನಿನ ಸದ್ದು. ನಡುನಡುವೆ ಫೋನು ಬಾಯಿಂದ ದೂರ ಹಿಡಿದು, "ಲೇ ಕತ್ತೆ, ಹಾಲು ಉಕ್ತೈತೆ ನೋಡೇ! ಕಣ್ಣು ಎಲ್ಲಿಟ್ಟಿದೀಯ!" ಅಂತ ತಂಗಿಗೆ ಬೈಯುವಳು. ಆ ದನಿಯಲ್ಲಿ ಎಂಥ ಹುರುಪು! ನನ್ನ ಹತ್ತಿರ ಮಾತಾಡುವಾಗ ಆ ಹುರುಪಿನ ಕಾಲು ಭಾಗವೂ ಇರುತ್ತಿರಲಿಲ್ಲ. ನನಗೆ ಯಾರಾದರೂ ಬೈದು ಎಷ್ಟು ವರ್ಷವಾಗಿತ್ತೋ. ಬೈಯುವುದಕ್ಕೆ ನಾನು ಏನನ್ನೂ ಉಳಿಸಿರಲಿಲ್ಲ. ತಂಗಿ ತಿನ್ನುತ್ತಿದ್ದ ಬೈಗುಳದ ಮೇಲೂ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು ಅಂದರೆ ನಗಬಹುದು. ಆಗುತ್ತಿತ್ತು.

ಹಿರಿಯೂರಿನ ಕಡೆಯ ಹರಿಯಬ್ಬೆಯಲ್ಲಿ ನಮ್ಮನೆಯವರ ನೆಂಟರ ಮದುವೆಯೊಂದು ಬಂತು. ಅದನ್ನು ಮುಗಿಸಿಕೊಂಡು ಹೇಳದೆ ಕೇಳದೆ ಹಿರಿಯೂರಿಗೆ ಹೋದೆ. ಬಾಗಿಲು ತೆರೆದೇ ಇತ್ತು. ಅವ್ವ ಚಾಪೆಯ ಮೇಲೆ ಕಾಲು ಚಾಚಿ ಕೂತು, ರವಿಕೆಗೆ ಹುಕ್ಕು ಹಾಕುತ್ತಿದ್ದಳು. ಸುತ್ತ ಬಣ್ಣಬಣ್ಣದ ಚೂರುಗಳು. ಹೊಸ ಕಣ್ಣಲ್ಲಿ ಸೂಜಿಗೆ ತಾನೇ ದಾರ ಪೋಣಿಸಿಕೊಳ್ಳುತ್ತಿದ್ದಳು. ಬಟ್ಟೆ ಕೊಡಲು ಬಂದ ಹೆಂಗಸೊಬ್ಬಳು ಎದುರಿಗೆ ಕೂತು ತನ್ನ ಸೊಸೆಯ ವಿಚಾರ ಹೇಳುತ್ತಿದ್ದಳು, ಅವ್ವ ಹ್ಞೂಂಗುಟ್ಟುತ್ತಿದ್ದಳು.

"ಬಾ ಬಾ, ಅದನ್ನೆಲ್ಲ ಅತ್ಲಾಗೆ ತಳ್ಳಿ ಕುಂತ್ಕ" ಅಂದಳು.

ನಾನು ಕೂರಲಿಲ್ಲ. ನೇರ ಅಡಿಗೆಮನೆಗೆ ಹೋದೆ. ಸಿಂಕಿನಲ್ಲಿ ಪಾತ್ರೆ, ಕಟ್ಟೆಯ ಮೇಲೆ ಬಾಯಿ ತೆರೆದ ಪೊಟ್ಟಣಗಳು, ಮುಚ್ಚಳ ಯಾವುದಕ್ಕೋ ಡಬ್ಬ ಯಾವುದಕ್ಕೋ. ಮದುವೆಯ ರೇಷ್ಮೆ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಶುರುಮಾಡಿದೆ. ತಂಗಿ ಮಿಷನ್ ಬಿಟ್ಟು ಬಂದು, "ಬಿಡಕ್ಕ, ಸೀರೆ ಹಾಳಾಗ್ತೈತೆ" ಅಂದಳು. ಬಿಡಲಿಲ್ಲ. ಪಾತ್ರೆ ತೊಳೆದೆ, ಕಟ್ಟೆ ತಿಕ್ಕಿದೆ, ಬೇಳೆಕಾಳಿನ ಡಬ್ಬಗಳನ್ನು ಮೇಲಿನ ಶೆಲ್ಫಿನಲ್ಲಿ ಎತ್ತರದ ಪ್ರಕಾರ ಜೋಡಿಸಿದೆ. ನೋಡಲಿ ಅವ್ವ, ಇಬ್ಬರಲ್ಲಿ ಯಾರು ಏನು ಅಂತ.

ಅವ್ವ ಟೀ ಮಾಡಲು ಬಂದಳು. ಕೈ ಚಾಚಿದ ಕಡೆ ಸಕ್ಕರೆ ಇರಲಿಲ್ಲ. ಟೀ ಪುಡಿ ಇರಲಿಲ್ಲ. ಇಕ್ಕಳವೂ ಇರಲಿಲ್ಲ.

"ಯಾರೇ ಇದನ್ನೆಲ್ಲ ಎತ್ತಿಟ್ಟೋರು?" ಅಂದಳು, ಜೋರಾಗಿ.

"ನಾನು."

"ಯಾರು ಹೇಳಿದ್ರು ನಿನಗೆ? ಮೇಲಿಟ್ರೆ ನನ್ನ ಕೈಗೆ ಎಟುಕ್ತೈತಾ? ನಾನು ಇಟ್ಕಂಡಿದ್ದು ನಾನು ಇಟ್ಕಂಡಂಗೇ ಇರ್ಲಿ. ಬಂದೋರು ಬಂದಂಗೆ ಇರಾದು ಕಲಿ!"

ಬಂದೋರು ಅಂದಳು. ತಡೆಯಲಾಗಲಿಲ್ಲ ನನಗೆ.

"ನೀನೇ ಅಲ್ವಾ ಕಲಿಸಿದ್ದು? ಹೊಡೆದು ಹೊಡೆದು ಕಲಿಸ್ದೆ. ಎಲ್ಲ ಕಲಿತೆ. ಕಲಿತೋಳ ಮನೇಲಿ ಇರಾಕಾಗಲ್ಲ ನಿನಗೆ. ಈ ಕೊಂಪೇಲಿ ಇರ್ತೀಯ!"

ತಂಗಿ ಬಾಗಿಲಲ್ಲೇ ನಿಂತಿದ್ದಳು. ಬಟ್ಟೆ ತಂದಿದ್ದ ಹೆಂಗಸು ಮೆಲ್ಲಗೆ ಎದ್ದು ಹೊರಟಳು. ಅವ್ವ ಗ್ಯಾಸ್ ಆರಿಸಿದಳು. ಕೋಪ ಇಳಿದಿತ್ತು.

"ನಿನಗೆ ಕಲಿಸ್ದೆ, ನೀ ಕಲಿತೆ. ಇನ್ನು ಅಲ್ಲಿ ನನಗೇನು ಕೆಲಸ ಐತವ್ವ? ನಿಮ್ಮನೇಲಿ ಒಂದು ಲೋಟ ತೊಳೆಯಾನ ಅಂದ್ರೆ ನೀ ಕಿತ್ಕಂತೀಯ. ಎಷ್ಟು ಹೊತ್ತು ಗೋಡೆ ನೋಡ್ಲಿ ನಾನು? ಇಲ್ಲಿ ನಾನು ಎದ್ದೇಳದಿದ್ರೆ ಮನೆ ಏಳಲ್ಲ."

ಬಸ್ ಸ್ಟ್ಯಾಂಡಿಗೆ ಬಿಡಲು ತಂಗಿ ಬಂದಳು. ದಾರಿಯಲ್ಲಿ ಅವಳು ಹೇಳಿದ್ದು ನಾನು ಊಹಿಸಿರದ ಮಾತು. "ನಿನಗೇನಕ್ಕ, ಅವ್ವ ದಿನಾ ನಿನ್ನೇ ಹೊಗಳ್ತಾಳೆ. ನಿಮ್ಮಕ್ಕನ ಅಡಿಗೆಮನೆ ನೋಡು, ನಿಮ್ಮಕ್ಕನ ಬೀರು ನೋಡು, ನೆಲದ ಮೇಲೆ ಅನ್ನ ಹಾಕ್ಕೊಂಡು ಉಣ್ಬೋದು ಅಂತಾಳೆ. ಬಟ್ಟೆ ಕೊಡಾಕೆ ಬರೋರಿಗೆಲ್ಲ ನಿನ್ನ ಮನೆ ಗೊತ್ತು. ಕೇಳಿ ಕೇಳಿ ನನಗೆ ಮೈ ಉರಿದುಹೋಗೈತೆ. ಒಂದಿನಾನೂ ನನ್ನ ಹೊಲಿಗೆ ಚೆನ್ನಾಗೈತೆ ಅಂದಿಲ್ಲ."

ನನಗೆ ಕೇಳಲು ಹಿತವಾಗಿತ್ತು, ಸುಳ್ಳು ಹೇಳಲಾರೆ. ಆದರೆ ಬಸ್ಸು ಮಾರಿಕಣಿವೆ ದಾಟುವ ಹೊತ್ತಿಗೆ ಆ ಹಿತವೂ ಹುಳಿಯಾಯಿತು. ಹೊಗಳಿಕೆಯನ್ನು ನನ್ನ ಮುಂದೆ ಯಾಕೆ ಆಡಲಿಲ್ಲ? ಅದನ್ನೂ ಅವ್ವ ತಂಗಿಯ ಮನೆಯಲ್ಲೇ ಇಟ್ಟುಕೊಂಡಿದ್ದಳು.

ದೀಪಾವಳಿಗೆ ಅವ್ವ ನಮ್ಮನೆಗೆ ಬರುವುದೆಂದಾಯಿತು. ನಾನು ಉಪಾಯ ಮಾಡಿದೆ. ಬೆಳ್ಳುಳ್ಳಿ ಬಿಡಿಸಲಿಲ್ಲ. ಒಣಗಿದ ಬಟ್ಟೆಯನ್ನು ಮಡಚದೆ ಮಂಚದ ಮೇಲೆ ಹಾಕಿದೆ, ಕೈ ತುರಿಸುತ್ತಿದ್ದರೂ ಮುಟ್ಟಲಿಲ್ಲ. ಸಾಂಬಾರ್ ಡಬ್ಬಗಳನ್ನು ಬೇಕೆಂದೇ ಅದಲುಬದಲು ಮಾಡಿಟ್ಟೆ. ಅವ್ವ ಬಂದವಳು ಬಟ್ಟೆ ಗುಡ್ಡೆಯನ್ನು ನೋಡಿದಳು. ಅಡಿಗೆಮನೆ ನೋಡಿದಳು. ನನ್ನ ಮುಖ ನೋಡಿದಳು.

"ಇದು ನನಗೋಸ್ಕರ ಮಾಡಿಟ್ಟಿದ್ದಾ?"

ನಾನು ಅವಳ ಕೈಯಿಂದ ಬ್ಯಾಗು ತೆಗೆದುಕೊಂಡೆ.

"ಮೂಲೆ ಎಲ್ಲ ಗುಡಿಸಿ ನಡುವೆ ಮಾತ್ರ ಕಸ ಹಾಕಿದ್ರೆ ಗೊತ್ತಾಗಲ್ವೇನೆ ನನಗೆ?" ಅಂದು ನಕ್ಕಳು. ಹೊಟ್ಟೆ ಹಿಡಿದುಕೊಂಡು ನಕ್ಕಳು. ಸೋಫಾದ ಮೇಲೆ ಕೂತು ಕಣ್ಣೊರೆಸಿಕೊಂಡು ಮತ್ತೆ ನಕ್ಕಳು. ನಾನೂ ನಕ್ಕೆ. ನಗು ನಿಂತ ಮೇಲೆ ನಾನೇ ಕೇಳಿದೆ, "ಹಂಗಾದ್ರೆ ಏನು ಮಾಡ್ಲಿ ಹೇಳು ಅವ್ವ."

"ಆ ಒಲೆ ಪಕ್ಕದ ಕೆಳಗಿನ ಶೆಲ್ಫ್ ನನಗೆ ಕೊಡು. ಬೆಳಿಗ್ಗೆ ಟೀ, ಸಂಜೆ ರೊಟ್ಟಿ ನಂದು. ನಾನು ಹೆಂಗಿಟ್ರೂ ನೀ ಮುಟ್ಟಂಗಿಲ್ಲ."

ಕೊಟ್ಟೆ. ಕೊಡುವುದು ಸುಲಭವಾಗಿರಲಿಲ್ಲ. ನನ್ನ ಕಣ್ಣೆದುರಿಗೇ ಅವಳು ಟೀ ಪುಡಿಯನ್ನು ಹಳೆಯ ಬಿಸ್ಕತ್ತಿನ ಡಬ್ಬಕ್ಕೆ ಸುರಿದಳು. ಇಕ್ಕಳವನ್ನು ಮೊಳೆಗೆ ನೇತುಹಾಕಿದಳು. ಜೋಳದ ಹಿಟ್ಟು ಒಲೆಯ ಸುತ್ತ ಚೆಲ್ಲಿತು, ಅವಳು ಒರೆಸುವವರೆಗೆ ನಾನು ಹಿತ್ತಲಿಗೆ ಹೋಗಿ ನಿಂತಿದ್ದೆ. ಎರಡನೇ ದಿನವೇ ತಡೆಯಲಾರದೆ ಸಕ್ಕರೆ ಡಬ್ಬವನ್ನು ಸ್ವಲ್ಪ ನೇರ ಮಾಡಿದೆ. "ಲೇ, ಕೈ ತೆಗಿ" ಅಂತ ನಡುಮನೆಯಿಂದಲೇ ಕೂಗಿದಳು. ಪೊರೆ ಹೋದ ಕಣ್ಣು ಎಷ್ಟು ದೂರಕ್ಕೆ ಕಾಣುತ್ತದೆ ಅಂತ ಆಗ ಗೊತ್ತಾಯಿತು. ಬೈಸಿಕೊಂಡು ನಾನು ಸುಮ್ಮನೆ ನಗುತ್ತ ಹೊರಗೆ ಬಂದೆ.

ಹಬ್ಬ ಮುಗಿದರೂ ಅವ್ವ ಹೊರಡುವ ಮಾತು ಎತ್ತಲಿಲ್ಲ. ತಂಗಿ ಫೋನ್ ಮಾಡಿದಳು.

"ಅಕ್ಕ, ಅವ್ವನ್ನ ಯಾವಾಗ ಕಳಿಸ್ತೀಯ? ಮದುವೆ ಬಟ್ಟೆ ರಾಶಿ ಬಿದ್ದೈತೆ."

"ಇರ್ಲಿ ಇನ್ನೂ ಸ್ವಲ್ಪ ದಿನ."

"ಅಲ್ಲೇ ಇಟ್ಕಂಬಿಡಬೇಡ ಮತ್ತೆ" ಅಂದಳು. ಆ ದನಿ ನನಗೆ ಚೆನ್ನಾಗಿ ಗೊತ್ತು, ಅದು ನನ್ನದೇ ದನಿ. ನನಗೆ ಕರುಣೆ ಬರಬೇಕಿತ್ತು. ಬಂತು ಕೂಡ, ಸ್ವಲ್ಪ ತಡವಾಗಿ.

ಈಗ ಅವ್ವ ಹಬ್ಬಕ್ಕೆ ಬಂದರೆ ಹದಿನೈದು ದಿನವೋ ತಿಂಗಳೋ ಇದ್ದು ಹೋಗುತ್ತಾಳೆ. ಹೆಚ್ಚು ದಿನ ಇರುವುದು ಹಿರಿಯೂರಿನಲ್ಲೇ. ಅವಳು ಬಸ್ಸು ಹತ್ತಿದ ದಿನ ನನಗೆ ಈಗಲೂ ಒಳಗೆ ಚುರುಕ್ ಅನ್ನುತ್ತದೆ. ಮನೆಗೆ ಬಂದು ಕಸ ಗುಡಿಸುತ್ತೇನೆ, ನೆಲ ಒರೆಸುತ್ತೇನೆ. ಒಲೆಯ ಪಕ್ಕದ ಕೆಳಗಿನ ಶೆಲ್ಫನ್ನು ಮಾತ್ರ ಹಾಗೇ ಬಿಟ್ಟಿರುತ್ತೇನೆ.