ಕಾಲುವೆಗೆ ಕೈಯಿಟ್ಟು ಗಣಿ ಕಾಯುವ ಮಾರಿಯಮ್ಮ

ಬೆಳಕು ಹರಿಯುವ ಮೊದಲೇ ಮಾರಿಯಮ್ಮ ಮಾರಿಕುಪ್ಪಂನ ಗಣಿಕಾರ್ಮಿಕರ ಲೈನುಮನೆಗಳ ಹಿಂದಿನ ಕಾಲುವೆಗೆ ಬಂದು ಕೂರುತ್ತಾರೆ. ಚಿನ್ನದ ಗಣಿಯಿಂದ ಪಂಪುಗಳು ಎತ್ತಿ ಹಾಕುವ ನೀರು ಇಲ್ಲಿ ಹರಿಯುತ್ತದೆ. ಬಟ್ಟೆ ನೆನೆಸುವ ಮೊದಲು ಮೊಣಕೈವರೆಗೆ ಕೈ ಇಳಿಸುತ್ತಾರೆ. ಬೆಚ್ಚಗಿದೆ. ಆದರೂ ಕೈ ತೆಗೆಯುವುದಿಲ್ಲ. ಕಂಪನಿಯ ಕಡೆಯಿಂದ ಬಂದದ್ದನ್ನು ಅವರು ಒಂದೇ ಸಲಕ್ಕೆ ನಂಬುವವರಲ್ಲ.

ಗಣಿಯ ತಳದಲ್ಲಿ ಬಂಡೆ ಕಾದಿರುತ್ತದೆ, ಅಲ್ಲಿಯ ನೀರೂ ಬಿಸಿ. ತಳದ ಪಂಪು ನಿಂತರೆ ಮೇಲಿನ ಹಂತಗಳ ತಣ್ಣೀರಷ್ಟೇ ಕಾಲುವೆಗೆ ಬರುತ್ತದೆ. ಗಂಡ ಕುಪ್ಪುಸ್ವಾಮಿಯ ಪಾಳಿ ಆ ತಳದಲ್ಲೇ. ಅದು ಮುಳುಗಿದರೆ ಕೆಲಸ ಹೋಯಿತು, ಲೈನುಮನೆಯೂ ಹೋಯಿತು.

ಗುಡಿಯಾತ್ತಂ ಕಡೆಯಿಂದ ಮದುವೆಯಾಗಿ ಬಂದಾಗ ಮಾರಿಯಮ್ಮನಿಗೆ ಕನ್ನಡ ಬಾರದು. ಗಣಿಯಂಗಳದ ಕಸ ಗುಡಿಸುವ ಕೆಲಸಕ್ಕೆ ಸೇರಿದರು. ಹೊರಗಿನವಳು, ಅದರಲ್ಲೂ ಗುತ್ತಿಗೆಯವಳು ಎಂದು ಯೂನಿಯನ್ನೇ ಸದಸ್ಯತ್ವ ಕೊಡದೆ ಸತಾಯಿಸಿತು. "ಕಸ ನನ್ನೂರು ಕೇಳಲ್ಲ, ನಿಮ್ಗ್ಯಾಕೆ?" ಎಂದು ಕಚೇರಿ ಬಾಗಿಲಿಗೆ ಪೊರಕೆ ಅಡ್ಡವಿಟ್ಟು ಕೂತು ಪಡೆದರು.

ತೊಂಬತ್ತೊಂದರ ಚಳಿಯಲ್ಲಿ ಒಂದು ಬೆಳಿಗ್ಗೆ ನೀರು ತಣ್ಣಗಿತ್ತು. ಹೋಗಿ ಹೇಳಿದರೆ ಯೂನಿಯನ್ ಕಾರ್ಯದರ್ಶಿ ಆದಿನಾರಾಯಣ ನಕ್ಕುಬಿಟ್ಟರು: "ಚಳಿಗಾಲ ಕಣಮ್ಮ. ನೀರೇನು ಕಂಬಳಿ ಒದ್ಕೊಂಡು ಬತ್ತದಾ?"

"ಓದ್ವರ್ಸಾನೂ ಚಳಿ ಇತ್ತಲ್ಲಣ್ಣ, ನೀರು ಬಿಸಿ ಇತ್ತು. ಮ್ಯಾನೇಜರ್ ಬಂಗ್ಲೆ ಕಾಪಿ ಕುಡಿದೋರಿಗೆ ಎಲ್ಲಾ ಒಂದೇ."

ಪಂಪು ರಿಪೇರಿಗಿದೆ ಎಂದು ಆಡಳಿತ ಹೇಳಿತು. ರಿಪೇರಿಗೆ ಇಳಿದವರನ್ನು ಯಾರೂ ಕಾಣಲಿಲ್ಲ. ಚಿನ್ನದ ಚೂರು ಹೊರಟೀತೆಂದು ಗೇಟಿನಲ್ಲಿ ಕೂಲಿಯವನ ಊಟದ ಡಬ್ಬಿಯನ್ನೂ ತಡಕುತ್ತಾರೆ. ಗಣಿಯನ್ನೇ ಸದ್ದಿಲ್ಲದೆ ಮುಳುಗಿಸಿ ಮುಚ್ಚಹೊರಟವರ ಜೇಬು ತಡಕುವವರು ಯಾರು?

ಮರುದಿನ ಮಾರಿಯಮ್ಮ, ಜೊತೆಗೆ ಬಟ್ಟೆ ಒಗೆಯುವ ಹೆಂಗಸರು ಗಣಿಬಾಯಿಯ ದಾರಿಗೆ ಒದ್ದೆ ಸೀರೆಗಳನ್ನು ಅಡ್ಡ ಹಾಸಿ ಕೂತರು. ತಾಯಿಯ, ಹೆಂಡತಿಯ ಸೀರೆ ತುಳಿದುಕೊಂಡು ಹೋಗುವ ಗಂಡಸು ಆ ಪಾಳಿಯಲ್ಲಿ ಒಬ್ಬನೂ ಇರಲಿಲ್ಲ. ಸಂಜೆ ಹೊತ್ತಿಗೆ ಆದಿನಾರಾಯಣರೂ ಬಂದು ಒಂದು ಅಂಚಿಗೆ ಕೂತರು. ಇನ್ನೂ ಕೆಲವು ದಿನ ಯಾರೂ ಇಳಿಯಲಿಲ್ಲ. ಕೊನೆಗೆ ಪಂಪು ಮತ್ತೆ ಓಡತೊಡಗಿತು, ಕಾಲುವೆ ಬೆಚ್ಚಗಾಯಿತು. ಯೂನಿಯನ್ ಕರಪತ್ರದಲ್ಲಿ ಆ ಗೆಲುವು ಕಾರ್ಯದರ್ಶಿಯದು.

ಅದಾಗಿ ಎರಡು ವರ್ಷ. ಈಗಲೂ ಪಾಳಿಗೆ ಹೊರಟವರು ಕಾಲುವೆ ಹತ್ತಿರ ನಿಂತು, ಬಿಸಿಯಿದೆಯೇ ಎಂದು ತಮಿಳಿನಲ್ಲಿ ಕೇಳುತ್ತಾರೆ: "ಎನ್ನಕ್ಕಾ, ಸೂಡಾ?"

"ಇವತ್ತಿಗೆ ಸೂಡು. ನಾಳೆದು ನಾಳೆ ಕೇಳು."

ತನಗೆ ಹುದ್ದೆ, ಹಾರ ಯಾವುದೂ ಬೇಡ ಎನ್ನುತ್ತಾರೆ ಮಾರಿಯಮ್ಮ. "ಮುಚ್ಚೋದಾದ್ರೆ ನಮ್ ಮುಖ ನೋಡಿ ಮುಚ್ತೀವಿ ಅನ್ಲಿ. ಅಲ್ಲೀಗಂಟ ನನ್ ಕೈ ನೀರಾಗೇ ಇರ್ತದೆ."